ವ್ಯಾಕರಣವೂ ಬಾಲಕರ ನುಡಿಯೂ

ಮಕ್ಕಳಿಗೆ ವ್ಯಾಕರಣವನ್ನು ಕಲಿಸುವುದೆಂದರೆ ಇಲ್ಲದುದನ್ನು ಕೊಡುವುದೋ, ಇರುವುದನ್ನು ತೋರಿಸುವುದೋ? ನಂಜನಗೂಡಿನ ಹಾದಿಯಲ್ಲಿರುವ ಕಡಕೊಳದ ಬಾಲಕನು ‘ಮಳೆಗಾಲ’ ಎನ್ನುವನಲ್ಲದೆ ‘ಮಳೆಕಾಲ’ ಎನ್ನನು. ಆದೇಶಸಂಧಿಯ ಹೆಸರನ್ನು ಕೇಳದಿದ್ದರೂ ಕಕಾರವನ್ನು ಗಕಾರವಾಗಿಸುವ ನಿಯಮವು ಅವನ ನಾಲಗೆಯಲ್ಲಿಯೇ ಇದೆ. ‘ಆಲು’ ಎಂದವನಿಗೆ ‘ಹಾಲು’ ಎಂದು ಬರೆಯುವುದನ್ನು ಕಲಿಸಬೇಕೆಂಬುದು ದಿಟ. ಆದರೆ ಅವನಲ್ಲಿರುವುದನ್ನು ಮನ್ನಿಸದೆ, ಸೂತ್ರಗಳನ್ನು ಬಾಯಿಪಾಠ ಮಾಡಿಸಿ, ತಪ್ಪುಗಳನ್ನೇ ಎಣಿಸುತ್ತ ಹೋದರೆ ಅವನು ಕಲಿಯುವುದು ಶುದ್ಧಿಯನ್ನಲ್ಲ, ತಾಯ ನುಡಿಯ ವಿಷಯದಲ್ಲಿ ನಾಚಿಕೆಯನ್ನು. ನಾಚಿದವನು ಮನಸ್ಸಿನಲ್ಲಿರುವುದನ್ನು ಬರೆಯಲಾರನು.

13ನೆಯ ಶತಮಾನದ ಕೇಶಿರಾಜನು ಪೂರ್ವಕವಿಗಳ ಪ್ರಯೋಗಗಳನ್ನು ನೋಡಿಯೇ ಲಕ್ಷಣವನ್ನು ಹೇಳಿದನು. ಪ್ರಯೋಗವು ಮೊದಲು, ಸೂತ್ರವು ಆಮೇಲೆ. ಅವನ ವ್ಯಾಕರಣದ ಹೆಸರು ‘ಶಬ್ದಮಣಿದರ್ಪಣ’. ದರ್ಪಣವು ಮುಖವನ್ನು ಕೊಡುವುದಿಲ್ಲ. ಇರುವ ಮುಖವನ್ನು ತೋರಿಸುತ್ತದೆ. ಉಪಾಧ್ಯಾಯರು ಮೊದಲು ಮಾಡಬೇಕಾದುದು ಇದನ್ನೇ.