ಪಾಪನಾಶದ ತೀರದಲ್ಲಿ ಜನಾರ್ದನಸ್ಮರಣೆ



ಕರ್ಕಾಟಕ ಸಂಕ್ರಮಣದಿಂದ ದಕ್ಷಿಣಾಯನ ಪುಣ್ಯಕಾಲವು ಪ್ರಾರಂಭವಾಗುವುದೆಂಬುದು ಸರ್ವವಿದಿತವಷ್ಟೆ. ಅನಂತರ ಬರುವ ಆಷಾಢ ಅಮಾವಾಸ್ಯೆಯಂದು ನಮ್ಮ ಮನೆಗಳಲ್ಲಿ ಭೀಮನ ಅಮಾವಾಸ್ಯೆಯ ವ್ರತವು ನಡೆಯುವುದು. ಅದೇ ದಿನವನ್ನು ಕೇರಳೀಯರು ಕರ್ಕಿಡಕ ವಾವು ಎಂದು ಕರೆದು ಪಿತೃಗಳಿಗೆ ಬಲಿತರ್ಪಣವನ್ನು ಅರ್ಪಿಸುತ್ತಾರೆ. ತಿರುವನಂತಪುರದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿರುವ ವರ್ಕಲದ ಪಾಪನಾಶ ತೀರವು ಈ ಕರ್ಮಕ್ಕೆ ಬಹು ಪ್ರಸಿದ್ಧವಾದುದು.

ನಾವು ಆ ಕ್ಷೇತ್ರವನ್ನು ಸಂದರ್ಶಿಸಿದಾಗ ಒಂದೇ ಸ್ಥಳದಲ್ಲಿ ಎರಡು ಲೋಕಗಳನ್ನು ಕಂಡೆವು. ಕೆಳಗೆ ಮರಳಿನ ಮೇಲೆ ದರ್ಭೆ, ಎಳ್ಳು, ಅನ್ನದ ಪಿಂಡಗಳೊಡನೆ ಕುಳಿತ ಗೃಹಸ್ಥರು. ಮೇಲೆ ಸಮುದ್ರಕ್ಕೆ ಗೋಡೆಯಂತೆ ನಿಂತ ಕೆಂಪು ದಂಡೆಯ ಅಂಚಿನಲ್ಲಿ ತೈಲಾಭ್ಯಂಗ, ಯೋಗಾಸನ, ವಿಶ್ರಾಂತಿಗಳನ್ನು ಅರಸಿ ದೇಶವಿದೇಶಗಳಿಂದ ಬಂದವರು. ಕರ್ಕಾಟಕ ಮಾಸವು ಕೇರಳದಲ್ಲಿ ಆಯುರ್ವೇದ ಚಿಕಿತ್ಸೆಗೂ ಔಷಧಿಗಂಜಿಯ ಸೇವನೆಗೂ ಪ್ರಶಸ್ತವೆನಿಸಿದ ಕಾಲ. ಪಿತೃಕಾರ್ಯವೂ ದೇಹಾರೋಗ್ಯವೂ ಒಂದೇ ಮಾಸದಲ್ಲಿ ಕೂಡಿಬಂದಿರುವಾಗ, ಇವೆರಡರ ಸಂಬಂಧವೇನು? ಆರೋಗ್ಯಕ್ಕಾಗಿ ಹೋದವನು ಯಾತ್ರಿಕನಾಗಬಲ್ಲನೇ?

ಸ್ಥಳಪುರಾಣವು ಹೀಗಿದೆ. ತಮ್ಮ ಪಾಪಕ್ಕೆ ಪರಿಹಾರವನ್ನು ಬೇಡಿದ ಪ್ರಜಾಪತಿಗಳಿಗೆ ಯೋಗ್ಯಸ್ಥಳವನ್ನು ತೋರಿಸಲು ದೇವರ್ಷಿ ನಾರದರು ತಮ್ಮ ವಲ್ಕಲವನ್ನು ಎಸೆದರು. ಅದು ಬಿದ್ದ ಸ್ಥಳವೇ ವರ್ಕಲವಾಯಿತು. ಅಲ್ಲಿಯ ಒಡೆಯನು ಶ್ರೀ ಜನಾರ್ದನಸ್ವಾಮಿ. ಚತುರ್ಭುಜನಾದ ಸ್ವಾಮಿಯ ಒಂದು ಬಲಗೈ ಆಚಮನಕ್ಕೆಂಬಂತೆ ಬಾಯಿಯ ಕಡೆಗೆ ಎತ್ತಿದೆ. ಆ ಕೈ ಬಾಯನ್ನು ಮುಟ್ಟಿದಂದು ಪ್ರಳಯವೆಂಬ ನಂಬಿಕೆ ಅಲ್ಲಿದೆ. ದೇವಾಲಯದಲ್ಲಿ ಡಚ್ಚರ ಹಡಗಿನದೆನ್ನುವ ಗಂಟೆಯೊಂದುಂಟು. ಗಾಳಿಯಿಲ್ಲದೆ ನಿಂತುಹೋದ ಹಡಗು ಸ್ವಾಮಿಯ ಅನುಗ್ರಹದಿಂದ ಚಲಿಸಿದ್ದಕ್ಕೆ ನಾವಿಕನು ಅದನ್ನು ಒಪ್ಪಿಸಿದನೆಂದು ಐತಿಹ್ಯ. ಇದನ್ನು ಕೇಳಿದ ಮಾಧ್ವನಿಗೆ ಮಲ್ಪೆಯ ಕಡಲೂ, ಶ್ರೀಮದಾಚಾರ್ಯರು ಸಂಕಟದಲ್ಲಿದ್ದ ಹಡಗನ್ನು ಉದ್ಧರಿಸಿದುದೂ, ಗೋಪೀಚಂದನದ ಗಡ್ಡೆಯಲ್ಲಿ ಬಂದ ಶ್ರೀಕೃಷ್ಣನೂ ನೆನಪಾಗದಿರುವರೇ?

ಶ್ರೀಮದಾಚಾರ್ಯರು ದಕ್ಷಿಣ ಯಾತ್ರೆಯಲ್ಲಿ ಅನಂತಶಯನನ ದರ್ಶನವನ್ನು ಮಾಡಿ ಕನ್ಯಾಕುಮಾರಿ, ರಾಮೇಶ್ವರಗಳಿಗೆ ದಯಮಾಡಿಸಿದುದನ್ನು ಶ್ರೀ ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು ತಿಳಿಸುತ್ತದೆ. ಆದ್ದರಿಂದ ಆ ನಾಡಿನ ಯಾತ್ರೆ ನಮಗೆ ಹೊಸದಲ್ಲ. ಆದರೆ ತೀರ್ಥವನ್ನು ನಾವು ಹೇಗೆ ತಿಳಿಯಬೇಕು? ನೀರು ಜಡ, ಅಸ್ವತಂತ್ರ. ಅದು ತಾನಾಗಿಯೇ ಪಾಪವನ್ನು ತೊಳೆಯಲಾರದು. ಅದರಲ್ಲಿ ತೀರ್ಥಾಭಿಮಾನಿ ದೇವತೆಗಳ ಸನ್ನಿಧಾನವಿದ್ದು, ಅವರ ಅಂತರ್ಯಾಮಿಯಾದ ಶ್ರೀಹರಿಯೇ ಪಾವನಗೊಳಿಸುವವನು. ಇದನ್ನರಿಯದೆ ಮುಳುಗಿದವನ ಮೈ ಮಾತ್ರ ಒದ್ದೆಯಾಗುವುದು. ತರ್ಪಣದಲ್ಲಿಯೂ ಹಾಗೆಯೇ. ತಂದೆ, ಅಜ್ಜ, ಮುತ್ತಜ್ಜಂದಿರನ್ನು ವಸು, ರುದ್ರ, ಆದಿತ್ಯರ ಮೂಲಕವಾಗಿ ಸ್ಮರಿಸಿ, ಅವರ ಅಂತರ್ಗತನಾದ ಪ್ರದ್ಯುಮ್ನ, ಸಂಕರ್ಷಣ, ವಾಸುದೇವರೂಪಿ ಭಗವಂತನಿಗೆ ಅರ್ಪಿಸುವುದು ನಮ್ಮ ಕ್ರಮ.

ಇನ್ನು ಆರೋಗ್ಯದ ವಿಚಾರ. ದೇಹಚಿಂತೆಯನ್ನು ನಮ್ಮ ಹಿರಿಯರು ಹಳಿಯಲಿಲ್ಲ. ಔಷಧಸೇವನೆಯಲ್ಲಿ ವಿಷ್ಣುವನ್ನೂ, ಭೋಜನದಲ್ಲಿ ಜನಾರ್ದನನನ್ನೂ ನೆನೆಯಬೇಕೆಂದು ಕಲಿಸಿದರು. ಕೇಶವಾದಿ 24 ರೂಪಗಳಲ್ಲಿ 21ನೆಯವನಾದ ಜನಾರ್ದನನು ಸಂಸಾರವನ್ನು ನಾಶಮಾಡುವವನು. ತುತ್ತನ್ನು ಎತ್ತುವಾಗಲೆಲ್ಲ ಅವನ ಹೆಸರು ಬರಬೇಕೆಂದರೆ, ಈ ದೇಹವನ್ನು ಪೋಷಿಸುವುದು ಮತ್ತೆ ಮತ್ತೆ ದೇಹಧರಿಸುವುದಕ್ಕಲ್ಲ, ಆ ಸರಪಳಿಯಿಂದ ಬಿಡುಗಡೆಯಾಗುವುದಕ್ಕೆ ಎಂದೇ ತಾತ್ಪರ್ಯ. ಮಂಡಿನೋವಿಗೆ ತೈಲಚಿಕಿತ್ಸೆ ಮಾಡಿಸಿಕೊಂಡವನು ಆ ಮಂಡಿಯಿಂದ ದೇವರಿಗೆ ನಮಸ್ಕಾರ ಹಾಕಿದರೆ ಚಿಕಿತ್ಸೆಯೂ ಸಾಧನೆಯೇ ಆಯಿತು. ಈ ದೇಹ ಬಂದುದಾದರೂ ಯಾರಿಂದ? ತಂದೆತಾಯಿಗಳಿಂದ. ಕೊಟ್ಟವರ ಋಣವನ್ನು ಮರೆತು ಕೊಟ್ಟ ವಸ್ತುವನ್ನು ಮಾತ್ರ ಒರೆಸಿ ಹೊಳಪಿಡುವುದು ಯಾವ ನ್ಯಾಯ?

ಆ ದಂಡೆಯೇ ಒಂದು ಪಾಠವನ್ನು ಹೇಳುತ್ತದೆ. 2025ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದ ಭಾರತದ ನಿಸರ್ಗತಾಣಗಳಲ್ಲಿ ತಿರುಮಲೆಯ ಬೆಟ್ಟಗಳೂ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳೂ, ವರ್ಕಲದ ದಂಡೆಯೂ ಇವೆ. ಲಕ್ಷಾಂತರ ವರ್ಷಗಳ ಆ ಮಣ್ಣು-ಶಿಲೆಯ ಗೋಡೆಯೇ ಮಳೆಗೂ ಅಲೆಗೂ ಕುಸಿಯುತ್ತಿರುವಾಗ, ನೂರು ವರ್ಷದ ಈ ಶರೀರದ ಮಾತೇನು? ಅದರ ಅಂಚಿನವರೆಗೂ ಕಟ್ಟಡಗಳನ್ನೇರಿಸಿ, ತೀರದಲ್ಲಿ ಕಸವನ್ನು ಚೆಲ್ಲಿ, ಪಾಪನಾಶದಲ್ಲಿಯೇ ಹೊಸ ಪಾಪವನ್ನು ಸಂಪಾದಿಸಬಾರದು.

ಆದುದರಿಂದ ಅಲ್ಲಿಗೆ ತೆರಳುವ ಬಾಂಧವರಲ್ಲಿ ನಮ್ಮ ವಿಜ್ಞಾಪನೆಯಿಷ್ಟು. ಮೊದಲು ಸಂಕಲ್ಪ, ಸ್ನಾನ, ತರ್ಪಣ, ಜನಾರ್ದನನ ದರ್ಶನ. ವಿಹಾರ, ವಿಶ್ರಾಂತಿಗಳು ಆಮೇಲೆ. ಪರ್ವಕಾಲವಲ್ಲದೆ ಸಮುದ್ರಸ್ನಾನ ಕೂಡದೆಂಬ ನಿಯಮವನ್ನು ಮರೆಯಬೇಡಿರಿ. ಆಷಾಢದ ಕಡಲು ಉಗ್ರವಾಗಿರುವುದರಿಂದ ವೃದ್ಧರನ್ನೂ ಮಕ್ಕಳನ್ನೂ ಆಳಕ್ಕೆ ಇಳಿಸಬೇಡಿರಿ, ಪ್ರೋಕ್ಷಣೆಯೂ ಸಾಕು. ಹೋಗಲಾಗದವರು ಮನೆಯಲ್ಲಿಯೇ ಎಳ್ಳುನೀರನ್ನು ಬಿಡಿರಿ. ಜೀವಂತರಾಗಿರುವ ತಂದೆತಾಯಿಗಳ ಹಾಸಿಗೆಯ ಬಳಿ ಹೋಗಿ ಒಂದು ಗಳಿಗೆ ಕುಳಿತು, ಅವರ ಮಂಡಿಗೆ ಎಣ್ಣೆಯನ್ನು ಹಚ್ಚಿರಿ. ಅಲ್ಲಿಯೂ ಸೇವೆಯನ್ನು ಕೈಕೊಳ್ಳುವವನು ಅದೇ ಜನಾರ್ದನನು.

॥ ಶ್ರೀಕೃಷ್ಣಾರ್ಪಣಮಸ್ತು ॥