ಗೋಡೆ ನಮ್ಮದು, ನೆಲ ಯಾರದು?

ಬಡವನಿಗೆ ಸೂರು ಸಾಕಲ್ಲವೇ, ಒಡೆತನವೇಕೆ ಎಂದು ಕೇಳುವವರಿದ್ದಾರೆ. ಸಾಮಾನ್ಯವಾಗಿ ಅವರು ಸ್ವಂತ ಮನೆಯಲ್ಲಿ ಕುಳಿತೇ ಕೇಳುತ್ತಾರೆಂಬುದು ಬೇರೆ ಮಾತು.

1974ರ ಭೂಸುಧಾರಣಾ ತಿದ್ದುಪಡಿ ಕರ್ನಾಟಕದಲ್ಲಿ ಗೇಣಿದಾರನನ್ನು ಹೊಲದೊಡೆಯನನ್ನಾಗಿ ಮಾಡಿತು. ಆದರೆ ಎಷ್ಟೋ ಲಂಬಾಣಿ ತಾಂಡಾಗಳ, ಗೊಲ್ಲರ ಹಟ್ಟಿಗಳ ಜನ ಖಾಸಗಿಯವರದೋ ಸರಕಾರದ್ದೋ ಆದ ನೆಲದಲ್ಲಿ ಗೋಡೆ ಎಬ್ಬಿಸಿ ತಲೆಮಾರುಗಳನ್ನೇ ಕಳೆದರು. ಆ ಊರುಗಳು ಕಂದಾಯ ದಾಖಲೆಯಲ್ಲೇ ಇರಲಿಲ್ಲ. ಅಂಥವನ್ನು ಕಂದಾಯ ಗ್ರಾಮಗಳೆಂದು ಘೋಷಿಸಿದ ಬಳಿಕ, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಸುಮಾರು 50 ಸಾವಿರ ಮಂದಿಗೆ ಹಕ್ಕುಪತ್ರ ವಿತರಿಸಲಾಯಿತು.

ಅಂದು ಅವರಿಗೆ ಹೊಸ ಗೋಡೆಯೇನೂ ಸಿಗಲಿಲ್ಲ, ಸಿಕ್ಕಿದ್ದು ಒಂದು ಕಾಗದ. ಹಾಗಾದರೆ ಬದಲಾದದ್ದೇನು? 'ಹೋಗು' ಎಂದರೆ ಹೋಗಬೇಕಾದವನು ಕೂಲಿ ಎಷ್ಟು ಕೇಳಬೇಕು, ಮತ ಯಾರಿಗೆ ಹಾಕಬೇಕು ಎಂಬುದನ್ನೂ ನೆಲದ ಯಜಮಾನನ ಮುಖ ನೋಡಿ ತೀರ್ಮಾನಿಸುತ್ತಾನೆ. ಅಂಗಳದಲ್ಲಿ ತೆಂಗಿನ ಸಸಿ ನೆಡಲೂ ಹಿಂಜರಿಯುತ್ತಾನೆ. ಕಾಯಿ ಬಿಡುವ ಹೊತ್ತಿಗೆ ತಾನಲ್ಲಿ ಇರುವನೋ ಇಲ್ಲವೋ! ಅಂಥದೇ ನೂರು ಮನೆಗಳಿರುವ ಬೀದಿಯಲ್ಲಿ ಚರಂಡಿಗಾಗಿ ಪಂಚಾಯತಿಯನ್ನು ಗಟ್ಟಿಯಾಗಿ ಕೇಳುವವರು ಯಾರು? ಮಳೆಗೆ ಸೂರು ಸಾಕು. ಯಜಮಾನನ ಮುನಿಸಿಗೆ ಅದು ಸಾಲದು.

ಕೊಟ್ಟರೆ ಮಾರಿಕೊಳ್ಳುತ್ತಾರೆ ಎಂಬ ಆಕ್ಷೇಪವೂ ಇದೆ. ಅದು ಪೂರ್ತಿ ಸುಳ್ಳಲ್ಲ. ಅದಕ್ಕೆಂದೇ ಸರಕಾರ ಕೊಡುವ ನಿವೇಶನಗಳನ್ನು ಇಂತಿಷ್ಟು ವರ್ಷ ಪರಭಾರೆ ಮಾಡಬಾರದೆಂಬ ಷರತ್ತು ಹಾಕುವುದುಂಟು. ಷರತ್ತಿಗೆ ನನ್ನ ತಕರಾರಿಲ್ಲ. ಆದರೆ ಮನೆಯಲ್ಲೊಬ್ಬರು ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚಿಗೆ ಅವನು ಮಾರಬಹುದಾದದ್ದು ಇನ್ನೇನಿದೆ ಎಂದು ಷರತ್ತು ಬರೆದವರು ಯೋಚಿಸಿದ್ದಾರೆಯೇ?