ಅಳತೆಗೋಲು ಯಾರದು?

2015ರಲ್ಲಿ ಐರ್ಲೆಂಡಿನ ಜಿಡಿಪಿ ಒಂದೇ ವರ್ಷಕ್ಕೆ ಕಾಲು ಭಾಗದಷ್ಟು ಜಿಗಿಯಿತು. ಯಾರ ತಟ್ಟೆಯಲ್ಲೂ ಆಲೂಗಡ್ಡೆ ಅಷ್ಟು ಹೆಚ್ಚಿರಲಿಲ್ಲ. ಬಹುರಾಷ್ಟ್ರೀಯ ಕಂಪನಿಗಳು ಪೇಟೆಂಟಿನಂಥ ಆಸ್ತಿಗಳನ್ನು ಕಾಗದದ ಮೇಲೆ ಅಲ್ಲಿಗೆ ಸಾಗಿಸಿದ್ದವು, ಅಷ್ಟೆ.

ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುತ್ತದೆ. ಜಗತ್ತಿನ ಅತಿ ದೊಡ್ಡ ಆರ್ಥಿಕತೆ ಯಾವುದು? ಡಾಲರ್ ವಿನಿಮಯ ದರದಲ್ಲಿ ಅಮೆರಿಕ. ಆಯಾ ದೇಶದಲ್ಲಿ ಹಣಕ್ಕೆಷ್ಟು ಸರಕು ಸಿಗುತ್ತದೆಂದು ನೋಡಿದರೆ ಚೀನಾ. ಸತ್ಯ ಒಂದೇ ಎಂದು ನಂಬಿದವರಿಗೆ ಇದು ಇರುಸುಮುರುಸು.

ಇನ್ನು ಜಿಡಿಪಿ ಎಣಿಸುವುದು ಹೆಚ್ಚಾಗಿ ಬೆಲೆ ಕಟ್ಟಿದ್ದನ್ನೇ. ಹಾಗಾದರೆ ಬೆಲೆಯಿಲ್ಲದ್ದಕ್ಕೆ ಮೌಲ್ಯವೂ ಇಲ್ಲವೇ? ಈ ತೊಡಕು ಲೆಕ್ಕ ಶುರುಮಾಡಿದವರಿಗೇ ಗೊತ್ತಿತ್ತು. 1934ರಲ್ಲಿ ಅರ್ಥಶಾಸ್ತ್ರಜ್ಞ ಸೈಮನ್ ಕುಜ್ನೆಟ್ಸ್ ಅಮೆರಿಕದ ರಾಷ್ಟ್ರೀಯ ಆದಾಯದ ವರದಿಯನ್ನು ಸೆನೆಟ್‌ಗೆ ಒಪ್ಪಿಸಿದಾಗ, ಆ ಮೊತ್ತದಿಂದ ಜನರ ಕ್ಷೇಮವನ್ನು ಅಳೆಯುವುದು ಕಷ್ಟವೆಂದು ಅದರಲ್ಲೇ ಎಚ್ಚರಿಸಿದ್ದರು. ಗೃಹಿಣಿಯರ ದುಡಿಮೆಯನ್ನು ಹೊರಗಿಟ್ಟದ್ದನ್ನೂ ಮುಚ್ಚಿಡಲಿಲ್ಲ: ಅದಕ್ಕೆ ಬೆಲೆ ಕಟ್ಟಲು ನಂಬಬಹುದಾದ ಆಧಾರ ಅವರಿಗೆ ಸಿಕ್ಕಿರಲಿಲ್ಲ.